ಉರಿದದ್ದಕ್ಕೆ ಮಾತ್ರ ಬಿಲ್ಲು

ಎಸ್.ಪಿ. ರೋಡಿನ ಇಲಿಯಾಸ್ ಇದನ್ನು
ಹಳೆಯ ಉರ್ದು ಪೇಪರಿನಲ್ಲಿ ಸುತ್ತಿ
ಕೌಂಟರಿನ ಮೇಲಲ್ಲ, ಕೆಳಗಿಂದ ಕೊಟ್ಟ.
"ನಿಷೇಧದ ಮಾಲು ಚೌರಪ್ಪಣ್ಣ,
ಸಿಕ್ಕಿಬಿದ್ದರೆ ನೀವ್ಯಾರೋ ನಾನ್ಯಾರೋ."
ಬೆರಳುದ್ದದ ಡಬ್ಬಿ. ಒಂದು ಗುಂಡಿ. ಕಡ್ಲೆಬೀಜದಷ್ಟು ಪರದೆ.
ಗುಂಡಿಯನ್ನು ಮೂರು ಸಲ ಒತ್ತಿದರೆ ಕೇಳುತ್ತದೆ:
ವೋಲ್ಟೋ, ವ್ಯಾಟೋ?

ನನ್ನನ್ನು ಕೇಳುತ್ತದೆ!
ಇಪ್ಪತ್ತಾರು ವರ್ಷ
ಕಾಮಾಕ್ಷಿಪಾಳ್ಯ, ಲಗ್ಗೆರೆ, ಸುಂಕದಕಟ್ಟೆ,
ಮೆಟ್ಟಿಲ ಕೆಳಗಿನ ಕತ್ತಲಿಗೆ ಕತ್ತು ತೂರಿಸಿ
ಮೀಟರು ಓದಿದವನನ್ನು.
ಜೇಡರ ಬಲೆ ಒರೆಸಿ, ನಾಯಿಗೆ ಬೈದು,
ತಿರುಗುವ ತಟ್ಟೆಯ ಕೆಂಪು ಗೆರೆ ಎಣಿಸಿದವನನ್ನು.

ಲಗ್ಗೆರೆಯ ಒಬ್ಬ ಅಜ್ಜಿ ಪ್ರತಿ ತಿಂಗಳೂ ತಡೆಯುತ್ತಿದ್ದಳು:
"ಬಲ್ಬು ಹುಣಿಸೆಬೀಜದ ಹಂಗೆ ಮಿಣುಕ್ತದೆ,
ಮಿಕ್ಸಿ ನರಳ್ತದೆ, ವೋಲ್ಟೇಜೇ ಇಲ್ಲ,
ಬಿಲ್ಲು ಮಾತ್ರ ಹೆಂಗೆ ಬತ್ತದೆ ಸಾಮಿ?"
ಅಮ್ಮಾ, ವೋಲ್ಟು ಅಂದರೆ ನೂಕು.
ನೂಕಿದ್ದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.
ಉರಿದದ್ದಕ್ಕೆ ಮಾತ್ರ ಬಿಲ್ಲು.
ಅವಳು ಒಪ್ಪಲಿಲ್ಲ. ಒಂದು ಲೋಟ ನೀರು ಕೊಟ್ಟಳು.

ಇಲಿಯಾಸ್ ಹೇಳಿದ್ದು ಇಷ್ಟು:
ವೋಲ್ಟಿನಲ್ಲಿಟ್ಟರೆ ನೂಕು ನಿಮ್ಮದು, ಬಿಸಿ ಸುರುಳಿಯದು.
ಸುರುಳಿ ಬದಲಾಯಿಸಿದ ದಿನ, ತಡೆ ಕಡಿಮೆಯಿದ್ದರೆ,
ಅದೇ ನಂಬರು ಗಂಟಲು ಸುಡುತ್ತದೆ.
ವ್ಯಾಟಿನಲ್ಲಿಟ್ಟರೆ ಬಿಸಿ ನಿಮ್ಮದು,
ಎಷ್ಟು ನೂಕಬೇಕು ಅಂತ ಅದೇ ಲೆಕ್ಕ ಹಾಕಿಕೊಳ್ಳುತ್ತದೆ.
ಸುರುಳಿ ಹಳತಾಗಲಿ ಹೊಸತಾಗಲಿ, ಉರಿ ಅಷ್ಟೇ.
"ಹುಡುಗರೆಲ್ಲ ವ್ಯಾಟು ಅಂತಾರೆ. ನೀವು ಹಳೇ ಕಾಲದೋರು."

ಹಳೇ ಕಾಲದವನು ತಾರಸಿಯ ಮೇಲೆ ಕೂತಿದ್ದೇನೆ
ನೀರಿನ ತೊಟ್ಟಿಗೆ ಒರಗಿ.
ಬೀಡಿ ಬಿಟ್ಟು ಹನ್ನೊಂದು ದಿನ.
ಹನ್ನೊಂದು ಅಂದರೆ, ಭಾನುವಾರ ಪೂಜೆ ಮುಗಿಸಿ
ಇನ್ನಾಸಪ್ಪನ ಜೊತೆ ಎಳೆದ ಎರಡನ್ನು ಬಿಟ್ಟು.

ಮೊದಲು ವೋಲ್ಟಿಗೆ ಇಟ್ಟೆ. ಮೂರು ಪಾಯಿಂಟ್ ಏಳು.
ನೂಕು ನನಗೆ ಗೊತ್ತಿರುವ ಭಾಷೆ.
ಮೂವತ್ತು ವರ್ಷ ಮನೆಯೊಳಗೆ ಒಂದೇ ನೂಕು ನೂಕಿದ್ದೇನೆ,
ಸಾರಿಗೆ ಉಪ್ಪು ಜಾಸ್ತಿಯಾದ ದಿನವೂ,
ಆರೋಗ್ಯಮ್ಮನ ತಾಯಿ ತೀರಿಕೊಂಡ ವಾರವೂ.
ಅವಳ ತಡೆ ಪೂರಾ ಇಳಿದಿದ್ದ ವಾರ ಅದು.
ಅದೇ ಮಾತು, ಅದೇ ದನಿ, ಒಂದು ಕೂದಲೂ ಹೆಚ್ಚಿಲ್ಲ ಅಂತ
ಇವತ್ತಿಗೂ ಆಣೆ ಇಡಬಲ್ಲೆ.
ಎಷ್ಟು ಸುಟ್ಟಿತು ಎಂಬುದನ್ನು
ಓದುವವರು ಯಾರೂ ಬರಲಿಲ್ಲ.

ಕೆಮ್ಮು ಬಂತು. ಮಾವಿನಹಣ್ಣಿನ ವಾಸನೆಯ ಕೆಮ್ಮು.
ಮೆಟ್ಟಿಲ ಮೇಲೆ ಹೆಜ್ಜೆ ಸದ್ದು.
ಇನ್ನೊಬ್ಬರಾದರೆ ಬಚ್ಚಿಡುತ್ತಿದ್ದೆ,
ಇವಳಿಗೆ ಮೂಗಿದೆ.
"ಇದು ಮಾವಿನ ಕಾಲವೇ ಅಲ್ಲವಲ್ಲ."
ಕೈಗೆ ತಗೊಂಡು, ಅಡವಿಟ್ಟ ಓಲೆ ಬಿಡಿಸಿಕೊಂಡವಳ ಹಾಗೆ
ತಿರುಗಿಸಿ ತಿರುಗಿಸಿ ನೋಡಿದಳು.
ನಾನು ವೋಲ್ಟು ವ್ಯಾಟು ಎಲ್ಲ ವಿವರಿಸಿದೆ,
ಸುರುಳಿ, ತಡೆ, ನೂಕು,
ಅಜ್ಜಿಗೆ ಹೇಳಿದ್ದಕ್ಕಿಂತ ಚೆನ್ನಾಗಿಯೇ.
ಅಷ್ಟೊತ್ತಿಗೆ ಕರೆಂಟು ಹೋಯಿತು,
ಮಾಗಡಿ ರೋಡಿನವರೆಗೂ ಕತ್ತಲು,
ಲೇತಿನ ಶೆಡ್ಡುಗಳು ಒಮ್ಮೆಗೇ ಬಾಯಿ ಮುಚ್ಚಿದವು.
ಅವಳ ಗಲ್ಲದ ಮೇಲೆ ಕಡ್ಲೆಬೀಜದಷ್ಟು ನೀಲಿ ಬೆಳಕು.

ವ್ಯಾಟಿಗೆ ತಂದಳು. ಹನ್ನೆರಡು. ಹನ್ನೊಂದು.
ಒತ್ತುತ್ತಲೇ ಇದ್ದಳು, ಹತ್ತು, ಒಂಬತ್ತು,
ಏಳಕ್ಕೆ ನಿಂತಿತು.
ಮತ್ತೆ ಒತ್ತಿದಳು. ಏಳು.
"ಸೊನ್ನೆ ಇಲ್ವಾ ಇದರಲ್ಲಿ?"

ಇಲ್ಲ ಅಂದೆ.
ಪಕ್ಕದ ಕಟ್ಟಡದಲ್ಲಿ ಯಾರೋ ಇನ್ವರ್ಟರಿಗೆ ಬೈಯುತ್ತಿದ್ದರು.
ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು
ಗೋಡೆ ತಡವುತ್ತ ಇಳಿದುಹೋದಳು,
ಹಿಟ್ಟಿನ ಡಬ್ಬಿಗೋ ಕಸಕ್ಕೋ, ಕೇಳಲಿಲ್ಲ.

ಮೀಟರು ಪುಸ್ತಕದಲ್ಲಿ ಇಂಥದಕ್ಕೊಂದು ಕಾಲಂ ಇತ್ತು.
ಒಳಗೆ ಎಷ್ಟು ಉರಿದಿದೆಯೋ ಓದಲಾಗದಿದ್ದರೆ
ಎರಡೇ ಪದ ಬರೆದು ಮುಂದಿನ ಮನೆಗೆ ನಡೆಯುತ್ತಿದ್ದೆ:
ಬಾಗಿಲು ಬೀಗ.
ಆಫೀಸಿನವರು ಸರಾಸರಿ ಹಾಕುತ್ತಿದ್ದರು.
ಸರಾಸರಿ ಯಾವಾಗಲೂ
ಸ್ವಲ್ಪ ಜಾಸ್ತಿಯೇ ಬರುತ್ತಿತ್ತು.